ದೊಡ್ಡಪ್ಪನ ಯುಗಳ ಗೀತೆ

ನಮ್ಮ ದೊಡ್ಡಪ್ಪನ ಸಂಸಾರ ಇಪ್ಪತ್ತೇಳು ವರ್ಷ ಅಲ್ಲಾಡದೆ ನಿಂತಿತ್ತು. ಕಾಲುವೆ ಒಡೆದು ಅಡುಗೆಮನೆಗೆ ನೀರು ಬಂದಾಗ ದೊಡ್ಡವ್ವ ಒಲೆಯನ್ನು ಕಟ್ಟೆಯ ಮೇಲೆ ಎತ್ತಿಟ್ಟು ರೊಟ್ಟಿ ಬಡಿದಿದ್ದಳು. ದೊಡ್ಡಪ್ಪ ಹಳೆಯ ಜನರೇಟರ್ ತಂದು ಮಲಗುವ ಕೋಣೆಯಲ್ಲಿ ಇಟ್ಟಾಗ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು. ಅಂಥಾಕೆಯನ್ನು ತವರಿಗೆ ಕಳಿಸಿದ್ದು ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಒಂದು ಹಾಡು. ಎಷ್ಟು ಉದ್ದದ್ದೆಂದು ನನಗೆ ಗೊತ್ತು, ಯಾಕೆಂದರೆ ಅದನ್ನು ಸಾವಿರ ಸಲವಾದರೂ ಹಚ್ಚಿದವಳು ನಾನೇ.

ದೊಡ್ಡಪ್ಪನ ಹೆಸರು ಪಂಪಾಪತಿ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ 'ಪಂಪಾಪತಿ ಸೌಂಡ್ ಸರ್ವಿಸ್' ಇಟ್ಟಿದ್ದಾನೆ. ಮದುವೆ, ಭಜನೆ, ಚುನಾವಣೆ, ಯಾವುದಕ್ಕಾದರೂ ಮೈಕು ಬೇಕೆಂದರೆ ಜನ ನಮ್ಮಲ್ಲಿಗೆ ಬರುತ್ತಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ನಾನು ಅಲ್ಲೇ ಇದ್ದೇನೆ. ವೈರು ಸುತ್ತುತ್ತೇನೆ, ಆಂಪ್ಲಿಫೈಯರ್ ಮುಂದೆ ಕೂರುತ್ತೇನೆ. ದಿನಕ್ಕೆ ಹತ್ತು ಮೈಕು ಕೈಯಲ್ಲಿ ಹಿಡಿದರೂ ಅದರೊಳಗೆ ಒಂದು ಅಕ್ಷರ ಆಡಿದವಳಲ್ಲ. ಬೇರೆಯವರು "ಹಲೋ, ಹಲೋ" ಎಂದು ಪರೀಕ್ಷೆ ಮಾಡಿದರೆ ನಾನು ಉಗುರಿನಿಂದ ಟಕ್ ಟಕ್ ಬಡಿಯುತ್ತೇನೆ. ಕೆಲಸ ಅಷ್ಟರಲ್ಲೇ ಮುಗಿಯುತ್ತದೆ.

ಹಾಡು ಹುಟ್ಟಿದ್ದು ತೊಂಬತ್ತನಾಲ್ಕರಲ್ಲಿ, ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಗೋಡೌನಿನಲ್ಲಿ. ಆಗ ಖಾಜಾಸಾಬ್ ಎಂಬುವವರು 'ತುಂಗಾ ಮೆಲೋಡೀಸ್' ಎಂಬ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಅಳಿಯ ಹೈದರಾಬಾದಿನಿಂದ ಕರೆಂಟಿನ ಗಿಟಾರ್ ತಂದ. ಅದನ್ನು ಬಾರಿಸಿದರೆ ಗೋಡೌನಿನ ತಗಡು ನಡುಗುತ್ತಿತ್ತು. ಖಾಜಾಸಾಬ್ ಅದಕ್ಕೊಂದು ಯುಗಳ ಗೀತೆ ಕಟ್ಟಿ, ಕ್ಯಾಸೆಟ್ಟಿನ ಮೇಲೆ 'ರಾಕ್' ಎಂದು ಬರೆಸಿದರು. ಗಂಡು "ಕಾಲುವಿ ದಂಡಿ ಮ್ಯಾಲ ನಿಂತೀನಿ, ನೀರ್ ಬಿಟ್ಟಂಗ ಬಾರ" ಎಂದು ಕರೆಯುತ್ತದೆ. ಹೆಣ್ಣು "ಗೇಟಿನ ಚಾವಿ ಯಾರ ಕೈಯಾಗೋ, ಹ್ಯಾಂಗ ಬರಲಿ ಹೇಳೋ" ಎಂದು ಅಳುತ್ತದೆ. ನಡುವೆ ಗಿಟಾರ್ ಕಿರುಚುತ್ತದೆ. ಗೇಟು ಬಿಡುವವರನ್ನೇ ಕಾಯುವ, ಕಾಲುವೆಯ ಕೊನೆಯ ಹೊಲದವರಿಗೆ ಈ ಹಾಡು ಕೇಳಿದರೆ ಇವತ್ತಿಗೂ ಕಣ್ಣಲ್ಲಿ ನೀರು ಬರುತ್ತದೆ. ಪ್ರೀತಿಗೋ ಗೇಟಿಗೋ ಹೇಳಲಾಗದು.

ಮೂವತ್ತು ವರ್ಷದಿಂದ ಈ ಹಾಡು ಎಲ್ಲಿ ಕೇಳಿದರೂ ದೊಡ್ಡಪ್ಪ ಮೀಸೆ ಮುಟ್ಟಿಕೊಂಡು, "ಅದು ನನ್ನ ದನಿ" ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಒಂದು ವಾಕ್ಯ ಮೊದಲೇ ನಿಲ್ಲಿಸುತ್ತಿದ್ದ, ಅಷ್ಟೆ. ಹೇಳದೆ ಬಿಟ್ಟ ವಾಕ್ಯ ಯಾವುದೆಂದರೆ, ಅವನದು ಹೆಣ್ಣಿನ ದನಿ.

ಅವತ್ತು ಹಾಡಬೇಕಾಗಿದ್ದ ಗಾಯಕಿಯನ್ನು ಮನೆಯವರು ಕಳಿಸಲಿಲ್ಲ. ಹಾಡಬೇಕಾಗಿದ್ದ ಗಾಯಕ ಹಿಂದಿನ ದಿನ ಐಸ್ ತಿಂದು ಗಂಟಲು ಕಳಕೊಂಡಿದ್ದ. ಸ್ಪೀಕರ್ ಹೊರಲು ಬಂದಿದ್ದ ದೊಡ್ಡಪ್ಪ ಗೊರೇಬಾಳದ ಬಯಲಾಟದಲ್ಲಿ ನಾಲ್ಕು ವರ್ಷ ರಾಣಿಯ ಪಾತ್ರ ಕಟ್ಟಿದವನು. ಹಿಂದೆ ನಿಂತು 'ಓಹೋ' ಅನ್ನಲು ಬಂದಿದ್ದ ಲಿಂಗಸುಗೂರಿನ ಜಯಶ್ರೀ, ಜೋಳದ ಹೊಲದ ಅಟ್ಟಣಿಗೆಯ ಮೇಲೆ ಹಕ್ಕಿ ಓಡಿಸಿ ಓಡಿಸಿ ದನಿ ಗಟ್ಟಿ ಮಾಡಿಕೊಂಡವಳು. ಖಾಜಾಸಾಬ್ ಇಬ್ಬರನ್ನೂ ಒಂದೊಂದು ಸಾಲು ಹಾಡಿಸಿ ನೋಡಿ, "ಪಂಪಾಪತಿ, ನೀ ಹೆಣ್ಣಾಗು. ಜಯಶ್ರೀ, ನೀ ಗಂಡಾಗು. ಜಲ್ದಿ, ಕರೆಂಟ್ ಹೋಗ್ತೈತಿ" ಅಂದರಂತೆ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಬಯಲಾಟದಲ್ಲಿ ಮೀಸೆ ಬೋಳಿಸಿದ ರಾಣಿಯರನ್ನು ನೋಡಿ ಬೆಳೆದ ಜನ.

ಇದನ್ನೆಲ್ಲ ನನಗೆ ಯಾರೂ ಕೂರಿಸಿ ಹೇಳಲಿಲ್ಲ. ಹೊಸ ಸ್ಪೀಕರ್ ಬಂದ ದಿನ, ಅಂಗಡಿಯಲ್ಲಿ ಯಾರೂ ಇಲ್ಲವೆಂದುಕೊಂಡು, ಸಣ್ಣ ದನಿ ಸರಿಯಾಗಿ ಬರುತ್ತದೋ ನೋಡಲು ದೊಡ್ಡಪ್ಪ "ಗೇಟಿನ ಚಾವಿ" ಹಾಡುತ್ತಿದ್ದ. ನಾನು ಪೆಟ್ಟಿಗೆಯ ಹಿಂದೆ ಬೆಸುಗೆ ಹಾಕುತ್ತಿದ್ದೆ. ಉಳಿದದ್ದನ್ನು ಅವನು ತಾನೇ ತಡೆಯಲಾಗದೆ ಹೇಳಿಕೊಂಡ. ಆಮೇಲೆ ಎಂಟು ವರ್ಷ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋದ ವರ್ಷ ಯಾರೋ ಪುಣ್ಯಾತ್ಮ ಭತ್ತ ಕೊಯ್ಯುವ ಮಷೀನಿನ ವಿಡಿಯೋಕ್ಕೆ ಈ ಹಾಡು ಹಚ್ಚಿ ಮೊಬೈಲಿನಲ್ಲಿ ಬಿಟ್ಟ. ವಾರದಲ್ಲಿ ಆಟೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ಚಹಾದಂಗಡಿಯಲ್ಲಿ ಅದೇ ಹಾಡು. ದೊಡ್ಡಪ್ಪ ಹೋಗಿ ಒಂದು ಕಪ್ಪು ಚರ್ಮದ ಜಾಕೀಟು ತಂದ. ಸಿಂಧನೂರಿನ ಏಪ್ರಿಲ್ ತಿಂಗಳು. ಬೆವರು ಮೊಣಕೈಯಿಂದ ತೊಟ್ಟಿಕ್ಕಿ ಆಂಪ್ಲಿಫೈಯರ್ ಮೇಲೆ ಬೀಳುತ್ತಿತ್ತು. ನಾನು ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದೆ.

ಆಮೇಲೆ ಮೊಬೈಲನ್ನು ಕಡ್ಡಿಗೆ ಸಿಕ್ಕಿಸಿಕೊಂಡ ಇಬ್ಬರು ಅಂಗಡಿಗೆ ಬಂದು ಸಂದರ್ಶನ ಮಾಡಿದರು.

"ಸರ್, ಗಂಡುದನಿ ನಿಮ್ದು. ನಿಮ್ಮ ಜೋಡಿ ಹಾಡ್ಯಾರಲ್ಲ, ಆ ಹೆಣ್ಣುದನಿ ಯಾರದ್ರಿ?"

ದೊಡ್ಡಪ್ಪ ಮೀಸೆ ಮುಟ್ಟಿಕೊಂಡ. "ಅದೊಂದು ಕೇಳಬ್ಯಾಡ್ರಿ."

"ಯಾಕ್ರಿ ಸರ್?"

"ಹೇಳಿದ್ರ ಒಂದು ಮನಿ ಮರ್ಯಾದಿ ಹೋಗ್ತೈತಿ."

ಅವನು ಹೇಳಿದ್ದು ತನ್ನ ಮೀಸೆಯ ಮರ್ಯಾದೆಯ ಬಗ್ಗೆ. ಆದರೆ ಅವರು ವಿಡಿಯೋಕ್ಕೆ ಅಳುವ ಕೊಳಲು ಸೇರಿಸಿ 'ಮೂವತ್ತು ವರ್ಷ ಎದೆಯಲ್ಲಿ ಬಚ್ಚಿಟ್ಟ ಹೆಸರು' ಎಂದು ಬರೆದು ಬಿಟ್ಟರು.

ಅದನ್ನು ದೊಡ್ಡವ್ವನಿಗೆ ತೋರಿಸಿದ್ದು ಪಕ್ಕದ ಬಳೆಯಂಗಡಿಯ ಹಸೀನಾಬೀ. ಆಕೆ ಕೆಟ್ಟವಳಲ್ಲ. ತನಗೆ ಗೊತ್ತಾದದ್ದು ಪಕ್ಕದವರಿಗೆ ಗೊತ್ತಿಲ್ಲದಿದ್ದರೆ ಆಕೆಗೆ ಊಟ ಇಳಿಯುವುದಿಲ್ಲ, ಅಷ್ಟೆ.

"ಪಾರ್ವತಕ್ಕ, ಒಂದು ಮನಿ ಮರ್ಯಾದಿ ಅಂತಾರಲ್ಲ ಅಣ್ಣಾರು, ಅದು ಯಾರ ಮನಿ ಇರಬಹುದು?"

ಆವತ್ತು ದೊಡ್ಡವ್ವ ರೊಟ್ಟಿ ಬಡಿದ ಸದ್ದು ಮೂರು ಮನೆಯಾಚೆ ಕೇಳಿತು. ಊಟಕ್ಕೆ ಬಡಿಸುತ್ತಾ ಬಹಳ ಶಾಂತವಾಗಿ ಹೇಳಿದಳು: "ಹಾಡು ಇವತ್ತು ಸರಿಯಾಗಿ ಕೇಳಿದೆ. ಆಕಿ ದನಿಯಾಗ ಎಂಥಾ ಬಿನ್ನಾಣ ಐತ್ರಿ. ಕೇಳಿದವರು ಕರಗಬೇಕು. ಇಪ್ಪತ್ತೇಳು ವರ್ಷದಾಗ ನಾ ಒಂದಿನಾನೂ ನಿಮ್ಮ ಕೂಡ ಹಂಗ ಮಾತಾಡಿಲ್ಲ ನೋಡ್ರಿ."

ಇಲ್ಲಿ ಯಾವ ಗಂಡಸಾದರೂ ತಲೆ ತಗ್ಗಿಸಿ ಪಲ್ಯ ಕಲಸಿಕೊಳ್ಳುತ್ತಿದ್ದ. ಆದರೆ ಆ ದನಿಯನ್ನು ಯಾರೂ ಅವನೆದುರು ಹಾಗೆ ಹೊಗಳಿದ್ದಿಲ್ಲ. ದೊಡ್ಡಪ್ಪನ ಮುಖ ಅರಳಿಬಿಟ್ಟಿತು.

"ಖರೇನ ಅಷ್ಟು ಚಂದ ಐತೇನು?" ಅಂದ.

ದೊಡ್ಡವ್ವ ಆ ಅರಳಿದ ಮುಖವನ್ನು ಒಂದು ಗಳಿಗೆ ನೋಡಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

ಆದರೂ ಆಕೆ ಮನೆ ಬಿಡಲಿಲ್ಲ. ಮನೆ ಬಿಡಿಸಿದವರು ಮಸ್ಕಿಯ ಹನುಮಂತರಾಯರು. ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಅವರು ಈಗ ಅಲ್ಲಿನ ನುಡಿಹಬ್ಬ ಸಮಿತಿಯ ಕಾರ್ಯದರ್ಶಿ. ಪಹಣಿಯಲ್ಲಿ ಮಾಲೀಕನದೊಂದು, ಉಳುವವನದೊಂದು ಹೆಸರು ನೋಡಿ ನೋಡಿ ಅವರಿಗೆ ಯಾವುದೇ ವಿಷಯವೂ ಎರಡು ಹೆಸರು ಸಿಗದೆ ಪೂರ್ತಿಯಾಗುವುದಿಲ್ಲ. ಎಲ್ಲೋ ಒಂದು ಹಳೆಯ ಕ್ಯಾಸೆಟ್ ಹುಡುಕಿ, ಅದರ ಕಾಗದದ ಮೇಲೆ 'ಗಾಯನ: ಪಂಪಾಪತಿ, ಜಯಶ್ರೀ' ಎಂದಿರುವುದನ್ನು ಭೂತಗನ್ನಡಿ ಹಿಡಿದು ಓದಿ, ನಮ್ಮ ಅಂಗಡಿಗೆ ಫೋನು ಮಾಡಿದರು.

"ಪಂಪಾಪತಿಯವರ, ದಾಖಲೆ ಸಿಕ್ತು. ಆಕಿ ಲಿಂಗಸೂರಿನ್ಯಾಗ ಹಿಟ್ಟಿನ ಗಿರಣಿ ಇಟ್ಟಾಳ. ನಿಮ್ಮಿಬ್ಬರಿಗೂ ಮಸ್ಕ್ಯಾಗ ಸನ್ಮಾನ. ಫ್ಲೆಕ್ಸ್ ಆಗಲೇ ಕಟ್ಟಿಸೀನಿ."

ಆ ಫ್ಲೆಕ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರಿಂಟಿನವನ ಕಂಪ್ಯೂಟರಿನಲ್ಲಿ ಗಂಡು ಹೆಣ್ಣು ಇಬ್ಬರ ಫೋಟೋ ಹಾಕುವ ನಮೂನೆ ಒಂದೇ ಇತ್ತು, ಅದು ಮದುವೆಯದು. ಮೇಲೆ ಗಣಪತಿ, ಎಡಬಲದಲ್ಲಿ ಬಾಳೆಗಿಡ, ನಡುವೆ ಕೆಂಪು ಹೃದಯ. ಹೃದಯದ ಎಡಭಾಗದಲ್ಲಿ ಜಾಕೀಟು ಹಾಕಿದ ದೊಡ್ಡಪ್ಪ, ಬಲಭಾಗದಲ್ಲಿ ಜಯಶ್ರೀ. ಕೆಳಗೆ 'ತಮ್ಮ ಆಗಮನವೇ ನಮಗೆ ಆಶೀರ್ವಾದ' ಎಂಬ ಸಾಲನ್ನು ಅಳಿಸಲು ಅವನು ಮರೆತಿದ್ದ. ಇಂಥದ್ದೊಂದನ್ನು ಮಸ್ಕಿಯ ಸರ್ಕಲ್ಲಿನಲ್ಲಿ ಮೂರಾಳೆತ್ತರ ಕಟ್ಟಿದ್ದರು.

ದೊಡ್ಡವ್ವನ ತವರು ಪಾಮನಕಲ್ಲೂರು. ಅಲ್ಲಿಯವರು ಎಲ್ಲಿಗೆ ಹೋಗಬೇಕಾದರೂ ಮಸ್ಕಿಯ ಮೇಲೆಯೇ ಬರಬೇಕು. ದೊಡ್ಡವ್ವನ ತಮ್ಮ ಅಮರೇಶಪ್ಪ ತೊಗರಿ ಮಾರಲು ಹೋಗುವಾಗ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ, ತೊಗರಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದು, ಸೀದಾ ಸಿಂಧನೂರಿಗೆ ಬಂದ.

"ಮಾವಾರ, ಈ ವಯಸ್ಸಿನ್ಯಾಗ ಎರಡನೇ ಲಗ್ನಕ್ಕ ನಮ್ಮನ್ನ ಕರೀಲಿಲ್ಲಲ್ರಿ?" ಅಂದ, ಹೊಸ್ತಿಲು ದಾಟದೆಯೇ.

"ಅಮರೇಶ, ಅದು ಸನ್ಮಾನಪ್ಪಾ!"

"ಬಾಳಿಗಿಡ ಯಾಕ್ ಹಾಕ್ಯಾರ ಹಂಗಾರ?"

ಅಷ್ಟರಲ್ಲಿ ದೊಡ್ಡವ್ವ ಒಳಗಿನಿಂದ ಚೀಲ ಹಿಡಿದುಕೊಂಡು ಬಂದಳು. ರೊಟ್ಟಿ ಬಡಿಯುವ ಹಲಗೆಯನ್ನೂ ತೆಗೆದುಕೊಂಡಿದ್ದಳು. ಸೀರೆ ಒಯ್ದವರು ತಿರುಗಿ ಬರುತ್ತಾರೆ. ಹಲಗೆ ಒಯ್ದವರ ವಿಷಯ ಬೇರೆ.

"ಪಾರ್ವತೀ, ನನ್ನ ಮಾತು ಕೇಳ..."

"ನಿಮ್ಮ ದನಿ ಊರೆಲ್ಲಾ ಕೇಳೈತ್ರಿ" ಅಂದಳು ದೊಡ್ಡವ್ವ. "ನನಗ ಸಾಕಾಗೈತಿ."

ಮರುದಿನದಿಂದ ದೊಡ್ಡಪ್ಪನ ಅಡುಗೆ ಶುರುವಾಯಿತು. ಅನ್ನ ಒಂದು ದಿನ ಅಂಟಾಗುತ್ತಿತ್ತು, ಒಂದು ದಿನ ಸೀಯುತ್ತಿತ್ತು. ಐದನೇ ದಿನ ಅವನು ಜಾಕೀಟು ಹಾಕಿಕೊಂಡೇ ಒಲೆ ಮುಂದೆ ಕೂತು, "ರಾಜಿ, ನಡಿ ಲಿಂಗಸೂರಿಗೆ. ಜಯಶ್ರೀ ಒಂದು ಮಾತು ಹೇಳಿದ್ರ ಎಲ್ಲಾ ಬಗೀಹರೀತೈತಿ" ಅಂದ. ಬೈಕಿನಲ್ಲಿ ಹೋದೆವು.

ಗಿರಣಿ ಮನೆಯ ಮುಂದೆಯೇ ಇತ್ತು. ಬಾಗಿಲು ಬಡಿದಾಗ ಒಳಗಿನಿಂದ, "ಯಾರದು?" ಎಂದು ಗುಡುಗಿದಂಥ ದನಿ ಬಂತು. ದೊಡ್ಡಪ್ಪ ಹೆದರಿ, "ಯಜಮಾನರ, ನಾವು ಸಿಂಧನೂರಿನವರ್ರಿ" ಎಂದು ಕೈಮುಗಿದ. ಬಾಗಿಲು ತೆಗೆದದ್ದು ಜಯಶ್ರೀ. ಹಿಂದೆ ಸೊಸೆ ಗಾಯತ್ರಿ.

"ಬರ್ರಿ ಬರ್ರಿ, ಕುಂದರ್ರಿ" ಅಂದಳು ಜಯಶ್ರೀ, ಈಗ ಕೊಳಲಿನಂಥ ಸಣ್ಣ ದನಿಯಲ್ಲಿ. ಸೊಸೆ ಚಹಾ ಇಡಲು ಒಳಗೆ ಹೋದದ್ದೇ ತಡ, ದನಿ ಮೂರು ಮೆಟ್ಟಿಲು ಕೆಳಗಿಳಿಯಿತು. "ಏನ್ ಗದ್ಲ ಹಚ್ಚಿಯೋ ಪಂಪಾಪತಿ?"

"ಅಕ್ಕಾ, ನನ್ನ ಹೇಂತಿ ಹೋಗ್ಯಾಳ. ನಮ್ಮಿಬ್ಬರ ನಡುವ ಏನೂ ಇರ್ಲಿಲ್ಲ ಅಂತ ಮಸ್ಕ್ಯಾಗ ಒಂದು ಮಾತು ಹೇಳಿಬಿಡು."

"ಮೈಕಿನ್ಯಾಗ ನಿಂತು ಏನೂ ಇರ್ಲಿಲ್ಲ ಅಂದ್ರ, ಏನೋ ಇತ್ತು ಅಂತ ಅರ್ಥ ಮಾಡ್ಕೋತಾರ ಜನ."

"ಹಂಗಾದ್ರ ಖರೇನ ಹೇಳಿಬಿಡೂಣು. ಹೆಣ್ಣಿನ ದನಿ ನಂದು, ಗಂಡಿನ ದನಿ..."

"ಗಪ್ಪನ ಕುಂದ್ರು!" ಕಿಟಕಿಯ ಗಾಜು ಅದುರಿತು. ಜಯಶ್ರೀ ಒಳಮನೆಯ ಕಡೆ ನೋಡಿ ಪಿಸುಗುಟ್ಟಿದಳು. ಆಕೆಯ ಪಿಸುಮಾತು ನಮ್ಮ ಮಾತಿನಷ್ಟು ಇತ್ತು. "ಮದಿವ್ಯಾಗಿ ಬಂದಾಗಿಂದ ಸೊಸಿ ನನ್ನ ದನಿಗೆ ನಗತಿದ್ಲು. ಫೋನಿನ್ಯಾಗ ನನ್ನನ್ನ ಗಂಡಸು ಅನಕೊಂಡು ಮಾತಾಡತಾರ ಜನ ಅಂತ. ಈ ಹಾಡು ಬಂದ ಮ್ಯಾಲ ಅತ್ತೀರು ಮೊದಲ ಕೋಗಿಲಿ ಇದ್ರು, ಗಿರಣಿ ಧೂಳಿಗೆ ಹಿಂಗಾಗೈತಿ ಅಂತ ಓಣಿ ತುಂಬ ಹೇಳ್ಯಾಳ. ಕಾಲಿಗೆ ಎಣ್ಣಿ ಹಚ್ಚತಾಳ. ನಿನ್ನ ಹೇಂತಿ ಬರಲಿ ಅಂತ ನನ್ನ ಕೋಗಿಲೀನ ಕೊಲ್ಲಬ್ಯಾಡ."

ಮೂವತ್ತು ವರ್ಷ ದೊಡ್ಡಪ್ಪ ಮೀಸೆ ಕಾಪಾಡಿಕೊಂಡಿದ್ದ ಹಾಗೆಯೇ ಆಕೆ ಈಗ ಕೋಗಿಲೆಯನ್ನು ಕಾಪಾಡಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಸನ್ಮಾನದ ದಿನ ನಾನು ಹಾಡು ಹಚ್ಚಬೇಕು, ಅವರಿಬ್ಬರೂ ಬರೇ ಬಾಯಿ ಆಡಿಸಬೇಕು. ದೊಡ್ಡವ್ವನ ವಿಷಯ ಆಮೇಲೆ ನೋಡೋಣ ಎಂದಾಯಿತು. ಅಷ್ಟರಲ್ಲಿ ಸೊಸೆ ಚಹಾ ತಂದಳು.

"ಬಿಸ್ಕೀಟ್ ತಗೋರಿ" ಅಂದಳು ಜಯಶ್ರೀ, ಮೂರು ಮೆಟ್ಟಿಲು ಹತ್ತಿ.

ಸನ್ಮಾನ ಸಂಜೆ ನಾಲ್ಕಕ್ಕೆ. ನಾನು ನಾಲ್ಕು ಸ್ಪೀಕರ್ ಕಟ್ಟಿ, ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕೂತೆ. ನನ್ನ ಮೇಜಿನ ಮೇಲೆ ಕಾರ್ಯಕ್ರಮ ನಡೆಸುವವರ ಮೈಕೊಂದು ಇತ್ತು. ಪೆಂಡಾಲು ತುಂಬಿತ್ತು. ಹಸೀನಾಬೀ ಸಿಂಧನೂರಿನಿಂದ ಬಳೆಯಂಗಡಿ ಮುಚ್ಚಿಕೊಂಡು ಬಂದು ಹೆಂಗಸರ ಮುಂದಿನ ಸಾಲು ಹಿಡಿದಿದ್ದಳು. ಮೂರನೇ ಸಾಲಿನಲ್ಲಿ ಅಮರೇಶಪ್ಪ, ಅವನ ಪಕ್ಕದಲ್ಲಿ ಸೆರಗು ಹೊದ್ದ ದೊಡ್ಡವ್ವ. 'ಆಕಿ'ಯನ್ನು ಕಣ್ಣಾರೆ ನೋಡಲು ಬಂದಿದ್ದಳು. ತವರಿಗೆ ಹೋಗಿ ಹತ್ತೊಂಬತ್ತು ದಿನವಾಗಿತ್ತು. ಸೊರಗಿದ್ದಳು.

ಹನುಮಂತರಾಯರು ಎದ್ದು ನಿಂತರು. "ಬಂಧುಗಳೇ, ಅಶೋಕ ಚಕ್ರವರ್ತಿಯ ಶಾಸನಗಳು ದೇಶದ ತುಂಬ ಇದ್ದವು. ಆದರೆ ಅವನ ಹೆಸರು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯ ಮೇಲೆ! ಅದೇ ರೀತಿ ಈ ಹಾಡು ದೇಶದ ತುಂಬ ಇತ್ತು. ಆ ಹೆಣ್ಣುದನಿಯ ಹೆಸರು ಸಿಕ್ಕಿದ್ದು ಎಲ್ಲಿ? ಮಸ್ಕಿಯಲ್ಲಿ!" ಜನ ಚಪ್ಪಾಳೆ ತಟ್ಟಿದರು. ಅಶೋಕನಿಗೆ ಇಷ್ಟು ಚಪ್ಪಾಳೆ ಬಿದ್ದಿರಲಿಕ್ಕಿಲ್ಲ. "ಈಗ ಇಬ್ಬರೂ ಹಾಡುತ್ತಾರೆ."

ದೊಡ್ಡಪ್ಪ, ಜಯಶ್ರೀ ಇಬ್ಬರೂ ಮೈಕು ಹಿಡಿದು ನಿಂತರು. ನಾನು ಹಾಡು ಹಚ್ಚಿದೆ. ಗಿಟಾರ್ ಕಿರುಚಿತು. ಗಂಡುದನಿ ಬಂತು, "ಕಾಲುವಿ ದಂಡಿ ಮ್ಯಾಲ ನಿಂತೀನಿ..." ದೊಡ್ಡಪ್ಪ ಬಾಯಿ ಆಡಿಸಬೇಕಿತ್ತು. ಆಡಿಸಲಿಲ್ಲ. ಅವನು ಮೂರನೇ ಸಾಲಿನ ಸೆರಗನ್ನೇ ನೋಡುತ್ತಿದ್ದ. ವೇದಿಕೆಯ ಮೇಲೆ ಯಾರ ಬಾಯಿಯೂ ಅಲ್ಲಾಡದೆ ಹಾಡು ತಾನೇ ನಡೆದಿತ್ತು.

"ಬಂದ್ ಮಾಡ್ ರಾಜಿ" ಅಂದ ದೊಡ್ಡಪ್ಪ. ಬಂದ್ ಮಾಡಿದೆ.

"ಪಾರ್ವತೀ," ಅಂದ ಮೈಕಿನಲ್ಲಿ. "ನಾ ಯಾವ ಹೆಣ್ಣಿನ ಹೆಸರೂ ಮುಚ್ಚಿಟ್ಟಿಲ್ಲ. ಆ ಹೆಣ್ಣಿನ ದನಿ ನಂದು."

"ಹಾಸ್ಯ, ಹಾಸ್ಯ! ಕಲಾವಿದರು ಹಾಸ್ಯ ಮಾಡಾಕತ್ತಾರ" ಎಂದು ಹನುಮಂತರಾಯರು ನಕ್ಕರು. ದೊಡ್ಡಪ್ಪ ಕಣ್ಣು ಮುಚ್ಚಿ ಹಾಡಿದ.

"ಗೇಟಿನ ಚಾವಿ ಯಾರ ಕೈಯಾಗೋ, ಹ್ಯಾಂಗ ಬರಲಿ ಹೇಳೋ..."

ಅದೇ ದನಿ. ಅದೇ ಬಿನ್ನಾಣ. ಐವತ್ತನಾಲ್ಕು ವರ್ಷದ, ದಪ್ಪ ಮೀಸೆಯ, ಚರ್ಮದ ಜಾಕೀಟಿನ ಗಂಡಸಿನೊಳಗಿನಿಂದ ಹದಿನೆಂಟರ ಹುಡುಗಿ ಅಳುತ್ತಿದ್ದಳು. ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು, ಆಮೇಲೆ ನಗು ಪೆಂಡಾಲನ್ನೇ ಎತ್ತಿತು. ಅಮರೇಶಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಹನುಮಂತರಾಯರು ಕೈಯಲ್ಲಿದ್ದ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ದಾಖಲೆ ಅವರಿಗೆ ಮೋಸ ಮಾಡಿತ್ತು.

ದೊಡ್ಡವ್ವ ಮಾತ್ರ ನಗಲಿಲ್ಲ. ಎದ್ದು ನಿಂತಳು. ಎಲ್ಲರಿಗೂ ಕೇಳುವಂತೆ, "ಹೌದ್ರೆವ್ವಾ, ಇದು ನಮ್ಮನಿಯವರ ದನೀನ" ಅಂದಳು. "ಹಲ್ಲಿ ಮೈಮ್ಯಾಲ ಬಿದ್ದಾಗ ಹಿಂಗ ಒದರತಾರ. ನಾನರ ಎಂಥಾ ಹುಚ್ಚಿ, ಇಷ್ಟು ದಿನ ಗುರ್ತು ಹಿಡೀಲಿಲ್ಲ."

ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿ ಬಂದಳು. ದೊಡ್ಡಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಜಾಕೀಟು ಬಿಚ್ಚರಿ ಮೊದಲ, ಬೆವತು ಸಾಯಾಕತ್ತೀರಿ. ನಡೀರಿ ಮನಿಗೆ" ಎಂದು ಅವನ ಕೈ ಹಿಡಿದಳು. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ವೈರು ಸುತ್ತಲು ಬಗ್ಗಿದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಆವತ್ತೇ ಸಿಂಧನೂರಿಗೆ ಬಂದು ಬಿಸಿ ರೊಟ್ಟಿ ತಿನ್ನುತ್ತಿದ್ದೆವು.

ಹೆಂಗಸರ ಮುಂದಿನ ಸಾಲಿನಲ್ಲಿ ಹಸೀನಾಬೀ ಎದ್ದು ನಿಂತಳು. ಆಕೆಗೆ ನಿಜವಾಗಿಯೂ ಅನುಮಾನ ಬಂದಿತ್ತು.

"ಅಲ್ಲರೀ ಅಣ್ಣಾರ, ಹೆಣ್ಣಿನ ದನಿ ನಿಮ್ದಾದ್ರ, ಗಂಡಿನ ದನಿ ಯಾರದು?"

ಎಲ್ಲರೂ ಜಯಶ್ರೀ ಕಡೆ ತಿರುಗಿದರು. ಆಕೆ ಮೈಕನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಕೆಳಗಿನಿಂದ ಸೊಸೆ ಗಾಯತ್ರಿ ಅಳುವ ದನಿಯಲ್ಲಿ ಕೇಳಿದಳು, "ಅತ್ತೀರ, ಅಂದ್ರ ನೀವು ಹಾಡೇ ಇಲ್ಲೇನ್ರಿ?"

ಜಯಶ್ರೀ ಸೊಸೆಯನ್ನು ನೋಡಿದಳು, ಜನರನ್ನು ನೋಡಿದಳು. ಕೋಗಿಲೆ ಹೇಗೂ ಸತ್ತಿತ್ತು. ಹಾಡೇ ಇಲ್ಲ ಅನ್ನಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಸೆರಗಿನಿಂದ ಮೈಕು ಹೊರಗೆ ಬಂತು.

"ಕಾಲುವಿ ದಂಡಿ ಮ್ಯಾಲ ನಿಂತೀನಿ, ನೀರ್ ಬಿಟ್ಟಂಗ ಬಾರ!"

ನನ್ನ ಆಂಪ್ಲಿಫೈಯರಿನ ಮುಳ್ಳು ಕೊನೆಯ ತನಕ ಹೋಗಿ ಬಡಿಯಿತು. ಜನ ಹುಚ್ಚೆದ್ದು ಕುಣಿದರು. ಸೊಸೆ ಕುರ್ಚಿಯ ಮೇಲೆ ಹತ್ತಿ, "ನಮ್ಮ ಅತ್ತೀರು! ನಮ್ಮ ಅತ್ತೀರು!" ಎಂದು ಕೂಗಿದಳು. ಹನುಮಂತರಾಯರು ದಾಖಲೆ ಉಳಿಯಿತೆಂದು ಕ್ಯಾಸೆಟ್ಟನ್ನು ಕಣ್ಣಿಗೆ ಒತ್ತಿಕೊಂಡರು. ಆ ಗದ್ದಲಕ್ಕೆ ಸೇರದವಳು ದೊಡ್ಡವ್ವ ಒಬ್ಬಳೇ. ಆಕೆ ದೊಡ್ಡಪ್ಪನ ಕೈ ಬಿಟ್ಟಿದ್ದಳು.

"ಅಂದ್ರ ಈಕಿ ಅಲ್ಲೇ ಇದ್ಲು" ಅಂದಳು.

"ಇದ್ಲು. ಹಾಡಾಕ" ಅಂದ ದೊಡ್ಡಪ್ಪ.

"ಎಷ್ಟೊತ್ತು?"

"ಕರೆಂಟ್ ಹೋಗಿ ಬಂದು ಮಾಡ್ತಿತ್ತು... ಒಂದು ಏಳು ತಾಸು."

"ಮೈಕು ಎಷ್ಟಿದ್ವು?"

ಅವನು ಎರಡು ಅನ್ನಬಹುದಿತ್ತು. ಆದರೆ ಆವತ್ತು ಖರೇ ಹೇಳಿ ಹೆಂಡತಿಯನ್ನು ಗೆದ್ದಿದ್ದ. ಆ ರುಚಿ ಇನ್ನೂ ಬಾಯಲ್ಲಿತ್ತು.

"ಒಂದ."

"ಅದೇ ಇವರ ದೊಡ್ಡಸ್ತಿಕಿ ನೋಡ್ರಿ ಅಮ್ಮಾ!" ಹನುಮಂತರಾಯರು ನಡುವೆ ಬಂದರು. "ಎರಡು ದನಿ, ಒಂದೇ ಮೈಕು! ಈಗಿನವರಿಗೆ ಆಗ್ತೈತೇನು?"

ದೊಡ್ಡವ್ವ ಅವರನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು. "ರಾಜಿ, ಮೈಕಿನ ಸಂಗತಿ ನಿನಗ ಗೊತ್ತೈತಿ. ನೀ ಸುಳ್ಳು ಹೇಳಾಕಿ ಅಲ್ಲ. ಒಂದು ಮೈಕಿಗೆ ಇಬ್ಬರು ಹಾಡಬೇಕಂದ್ರ ಒಬ್ಬರಿಗೊಬ್ಬರು ಎಷ್ಟು ದೂರ ನಿಂದರಬೇಕು?"

ದೊಡ್ಡಪ್ಪ ನನ್ನನ್ನು ನೋಡಿದ. ಮಾರುದ್ದ ಎಂದು ಹೇಳು ಎಂದು ಅವನ ಕಣ್ಣು ಬೇಡುತ್ತಿತ್ತು. ಆದರೆ ಮಾರುದ್ದ ದೂರ ನಿಂತರೆ ದನಿ ಬೀಳುವುದಿಲ್ಲ. ಆ ಕಾಲದ ಮೈಕಿಗಂತೂ ಸಾಧ್ಯವೇ ಇಲ್ಲ. ನಾನು ಬಾಯಿ ಬಿಡದೆ ಕೈ ತೋರಿಸೋಣವೆಂದು ಹೆಬ್ಬೆರಳು ಕಿರುಬೆರಳು ಅಗಲಿಸಿದೆ. "ಕಾಣಲ್ದು, ಬಾಯಿ ಬಿಟ್ಟು ಹೇಳು" ಅಂದಳು ದೊಡ್ಡವ್ವ.

"ಒಂದು ಗೇಣು, ದೊಡ್ಡವ್ವ" ಅಂದೆ.

ಮೇಜಿನ ಮೇಲಿನ ಮೈಕನ್ನು ನಾನು ಬಂದ್ ಮಾಡಿರಲಿಲ್ಲ. ನನ್ನ ದನಿ ನಾಲ್ಕೂ ಸ್ಪೀಕರಿನಿಂದ ಹೊರಟು ಮಸ್ಕಿಯ ಗುಡ್ಡಕ್ಕೆ ಬಡಿದು ಮತ್ತೆ ಬಂತು. ಒಂದು ಗೇಣು, ದೊಡ್ಡವ್ವ. ನನ್ನ ದನಿಯನ್ನು ಸ್ಪೀಕರಿನಲ್ಲಿ ನಾನೂ ಅದೇ ಮೊದಲು ಕೇಳಿದ್ದು. ಬಹಳ ಸ್ಪಷ್ಟವಾಗಿತ್ತು.

ದೊಡ್ಡವ್ವ ವೇದಿಕೆ ಇಳಿದು, ಅಮರೇಶಪ್ಪ ತಂದಿದ್ದ ಟಂಟಂ ಆಟೋ ಹತ್ತಿ ಪಾಮನಕಲ್ಲೂರಿಗೆ ಹೋದಳು.

ಹದಿನೈದು ದಿನದ ಮೇಲೆ ಅಮರೇಶಪ್ಪನ ಕೈಯಲ್ಲಿ ಹೇಳಿ ಕಳಿಸಿದಳು. ಬರುತ್ತಾಳಂತೆ. ಒಂದೇ ಕರಾರು. ಒಂದು ಮೈಕು ತರಬೇಕು. ಆಕೆ ಮುಂದೆ ಗೇಣು ದೂರದಲ್ಲಿ ನಿಂತು ದೊಡ್ಡಪ್ಪ ಆ ಹಾಡು ಹಾಡಿ ತೋರಿಸಬೇಕು. ಜಯಶ್ರೀ ಮುಂದೆ ಹಾಡಿದ್ದು ಬರೇ ಹಾಡೇ ಆಗಿದ್ದರೆ ಹೆಂಡತಿ ಮುಂದೆಯೂ ಬರಲೇಬೇಕಲ್ಲ ಎಂಬುದು ಆಕೆಯ ವಾದ. ಇದರಲ್ಲಿ ತಪ್ಪು ಹುಡುಕಲು ಹಸೀನಾಬೀಗೂ ಆಗಲಿಲ್ಲ.

ದೊಡ್ಡಪ್ಪ ಕುಣಿದಾಡಿದ. ಐತವಾರ ಮುಂಜಾನೆ ಇದ್ದವುಗಳಲ್ಲಿ ಒಳ್ಳೆಯ ಮೈಕು, ಸಣ್ಣ ಸ್ಪೀಕರ್ ಕಟ್ಟಿಕೊಂಡು ಹೋದೆವು. ಅಂಗಳದಲ್ಲಿ ಮೈಕು ನಿಲ್ಲಿಸಿದೆ. ದೊಡ್ಡವ್ವ ಬಂದು ಎದುರು ನಿಂತಳು. ಅಮರೇಶಪ್ಪ ತಾನೇ ಗೇಣು ಹಾಕಿ ಅಳೆದ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತರು. ಇಪ್ಪತ್ತೇಳು ವರ್ಷದಲ್ಲಿ ಅವರಿಬ್ಬರೂ ಹಗಲಿನಲ್ಲಿ ಅಷ್ಟು ಹತ್ತಿರ ನಿಂತದ್ದನ್ನು ನಾನಂತೂ ನೋಡಿರಲಿಲ್ಲ. ದೊಡ್ಡಪ್ಪ ಹೆಂಡತಿಯ ಮುಖ ನೋಡಿದ. ಹಣೆಯ ವಿಭೂತಿ, ಮೂಗಿನ ಪಕ್ಕದ ಕಪ್ಪು ಮಚ್ಚೆ, ಎಲ್ಲವನ್ನೂ ಯಾರೋ ಹೊಸಬರನ್ನು ನೋಡುವವನ ಹಾಗೆ ನೋಡಿದ. ಬಾಯಿ ತೆರೆದ.

ಸ್ಪೀಕರಿನಿಂದ 'ಹುಸ್' ಎಂದು ಉಸಿರು ಬಂತು. ಅಷ್ಟೇ.

ನೀರು ಕುಡಿದ. ಮತ್ತೆ ತೆರೆದ. 'ಹುಸ್'. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಕಾದೆವು. ಬೆವರು ಮಾತ್ರ ಹಾಡಿನಂತೆ ಹರಿಯಿತು.

"ಆಕಿ ಮುಂದ ಏಳು ತಾಸು ಬಂದ ದನಿ..." ಅಂದಳು ದೊಡ್ಡವ್ವ. "ಮುಂದಿನ ಐತವಾರ ಬರ್ರಿ" ಎಂದು ಒಳಗೆ ಹೋದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ನಮ್ಮ ಹಲಗೆಯದೇ. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ನಿನ್ನೆಗೆ ಒಂಬತ್ತು ಐತವಾರ ಆದವು. ಈಗ ಓಣಿಯವರು ನೋಡಲು ಬರುವುದನ್ನು ಬಿಟ್ಟಿದ್ದಾರೆ. ಅಮರೇಶಪ್ಪನೂ ಅಳೆಯುವುದಿಲ್ಲ. ಎಷ್ಟು ದೂರವೆಂದು ಇಬ್ಬರಿಗೂ ಗೊತ್ತಾಗಿದೆ. ನಿನ್ನೆ ನಾವು ಹೋಗುವ ಮೊದಲೇ ದೊಡ್ಡವ್ವ ತಲೆ ಬಾಚಿ ಹೂ ಮುಡಿದು ಅಂಗಳದಲ್ಲಿ ನಿಂತಿದ್ದಳು. ದೊಡ್ಡಪ್ಪ ಬಾಯಿ ತೆರೆದ. 'ಹುಸ್'.

ಬರುವಾಗ ಬೈಕಿನ ಮೇಲೆ, "ರಾಜಿ, ಮೈಕಿನ್ಯಾಗ ಏನರ ಐತೇನು ನೋಡಬೇ" ಅಂದ. ಅಂಗಡಿಗೆ ಬಂದು ಬಿಚ್ಚಿ ನೋಡಿದೆ. ವೈರು ಸರಿಯಿದೆ, ಬೆಸುಗೆ ಸರಿಯಿದೆ. ಉಗುರಿನಿಂದ ಬಡಿದೆ. ಟಕ್ ಟಕ್ ಎಂದಿತು. ಮೈಕಿನಲ್ಲಿ ಏನೂ ಇಲ್ಲ.